ಗಿಡ ಅಂದರೆ ಯಾವ ಗಿಡ?

(ಯಾದಗಿರಿಯಲ್ಲಿ ಜುಲೈ ತಿಂಗಳ ಒಂದು ಮಧ್ಯಾಹ್ನ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕರೆಂಟು ಹೋಗಿ ಮೈಕು ನಿಂತಿತ್ತು. ಆಗ ಹೇಳಿದ್ದು ಹಿಂದೆ ಕೂತವರಿಗೆ ಕೇಳಿಸಿರಲಿಲ್ಲ, ಅದನ್ನೂ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಒಳಗೆ ಬರುವಾಗ ಗೇಟಿನ ಹತ್ತಿರ ಒಂದು ಬ್ಯಾನರ್ ನೋಡಿದೆ. 'ಎರಡು ಸಾವಿರ ಗಿಡ ನೆಡುವ ಕಾರ್ಯಕ್ರಮ' ಅಂತ ಬರೆದಿದ್ದೀರಿ. ಸಂತೋಷ. ಆದರೆ ನಮ್ಮ ಕಡೆ ಈ 'ಗಿಡ' ಅನ್ನೋ ಮಾತು ಸ್ವಲ್ಪ ಮೋಸದ್ದು. ಮೈಸೂರು ಸೀಮೆಯವರಿಗೆ ಗಿಡ ಬೇರೆ, ಮರ ಬೇರೆ. ನಮಗೆ ಗೇಣುದ್ದದ ಸಸಿಯೂ ಗಿಡ, ನಾಲ್ಕು ತಲೆಮಾರು ಕಂಡ ಬೇವೂ ಗಿಡ. "ಗಿಡದ ಕೆಳಗ ಕುಂತೀನಿ ಬಾ" ಅಂತ ಮುತ್ಯಾ ಅಂದರೆ ಅಲ್ಲಿ ಮೂವತ್ತು ಮಂದಿ ಕೂರುವಷ್ಟು ನೆರಳಿದೆ ಅಂತ ಅರ್ಥ. ಕಡತದಲ್ಲಿ ಎರಡು ಸಾವಿರ ಗಿಡ ಅಂದರೆ ಎರಡು ಸಾವಿರ ಪ್ಲಾಸ್ಟಿಕ್ ಪಾಕೀಟು ಅಂತ ಅರ್ಥ. ಎರಡನ್ನೂ ಒಂದೇ ಪದದಲ್ಲಿ ಕರೆದು ನಾವು ನಮಗೇ ಟೋಪಿ ಹಾಕಿಕೊಂಡಿದ್ದೇವೆ.

ವನಮಹೋತ್ಸವ ಶುರುವಾಗಿದ್ದು 1950ರಲ್ಲಿ, ಆಗ ಕೇಂದ್ರ ಮಂತ್ರಿಯಾಗಿದ್ದ ಕೆ. ಎಂ. ಮುನ್ಷಿ ಅವರ ಕಾಲದಲ್ಲಿ. ಆವತ್ತಿನಿಂದ ನೆಟ್ಟ ಸಸಿಗಳಲ್ಲಿ ಅರ್ಧ ನಿಂತಿದ್ದರೂ ನಾವು ಇವತ್ತು ಈ ಹಾಲ್‌ನಲ್ಲಿ ಫ್ಯಾನ್ ಹಾಕಿಕೊಂಡು ಕೂರುತ್ತಿರಲಿಲ್ಲ, ಹೊರಗೆ ಕೂರುತ್ತಿದ್ದೆವು.

ನಮ್ಮ ಊರಿನದೇ ಹೇಳುತ್ತೇನೆ. ಊರ ಹೊರಗೆ ಗಾಯರಾಣ, ಅಂದರೆ ದನ ಮೇಯುವ ಊರ ಜಾಗ, ಇದೆ. ಒಂದು ವರ್ಷ ಒಂದು ಕಚೇರಿಯವರು ಬಂದು ಅಲ್ಲಿ ಸಾಲಾಗಿ ಗುಂಡಿ ತೋಡಿಸಿದರು. ಸಸಿ ಬಂತು, ಫೋಟೋ ಆಯ್ತು, ಚಹಾ ಆಯ್ತು. ಯಾವ ಸಸಿ ಬೇಕು ಅಂತ ಊರಲ್ಲಿ ಯಾರನ್ನೂ ಕೇಳಲಿಲ್ಲ. ದೀಪಾವಳಿ ತನಕ ಹಸಿರಿತ್ತು. ಶಿವರಾತ್ರಿ ಹೊತ್ತಿಗೆ ಕಡ್ಡಿ ಮಾತ್ರ ಉಳಿದಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ವಾ, ನಮ್ಮೂರ ಆಡುಗಳು ಬೇಲಿಯ ಹಗ್ಗವನ್ನೂ ಬಿಡಲಿಲ್ಲ. ಮುಂದಿನ ವರ್ಷ ಮತ್ತೆ ಬಂದರು. ಅವೇ ಗುಂಡಿ, ಹೊಸ ಬಿಲ್ಲು.

ಅದೇ ಗಾಯರಾಣದ ಅಂಚಿನಲ್ಲಿ ಒಂದು ಬನ್ನಿಗಿಡ ಇದೆ. ಅದಕ್ಕೆ ಬೇಲಿ ಇಲ್ಲ, ಕಾವಲುಗಾರ ಇಲ್ಲ, ಬೋರ್ಡಿಲ್ಲ. ಬುಡದಲ್ಲಿ ಎಣ್ಣೆ ಕುಡಿದು ಕಪ್ಪಾದ ಎರಡು ಕಲ್ಲು, ಮೇಲೆ ಮಾಸಿದ ಹಸಿರು ಬಟ್ಟೆಯ ಒಂದು ಚೂರು, ಅಷ್ಟೇ. ನಾನು ಸಣ್ಣವನಿದ್ದಾಗ ಬರ ಬಿತ್ತು. ಹೆಣ್ಣುಮಕ್ಕಳು ಉರುವಲಿಗೆ ಎರಡು ಹರದಾರಿ ನಡೆದು ಹೋಗುತ್ತಿದ್ದರು. ಬರುವಾಗ ಹೋಗುವಾಗ ಈ ಗಿಡದ ಕೆಳಗೇ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಒಣಗಿದ ಟೊಂಗೆ ತಲೆಗೆ ತಾಗುವಂತಿತ್ತು, ಒಬ್ಬರೂ ಮುರಿಯಲಿಲ್ಲ. "ಯಾಕ ಆಯಿ?" ಅಂತ ಕೇಳಿದ್ದೆ. "ಅದಕ್ಕ ಕೊಡ್ಲಿ ಹಚ್ಚಿದ್ರ ಕಣ್ಣು ಹೋಗ್ತಾವ ತಮ್ಮಾ" ಅಂದಿದ್ದಳು. ಮೂಢನಂಬಿಕೆ ಅಂತ ನಾನು ಕಾಲೇಜಿಗೆ ಹೋದ ಮೇಲೆ ನಕ್ಕಿದ್ದೂ ಉಂಟು. ಈಗ ನಗು ಬರುವುದಿಲ್ಲ. ಕಣ್ಣು ಹೋಗುತ್ತೋ ಬಿಡುತ್ತೋ ಬೇರೆ ಮಾತು. ಒಂದು ಕಚೇರಿ ವರ್ಷವರ್ಷ ದುಡ್ಡು ಸುರಿದು ಮಾಡಲಾಗದ ಕೆಲಸವನ್ನು ಒಂದು ಮಾತು ಪುಕ್ಕಟೆ ಮಾಡಿತ್ತು.

ಇವತ್ತು ನಾನು ಹೇಳಬೇಕಂತ ಬಂದಿರೋದು ಇಷ್ಟೇ. ಕಾಡು ಮತ್ತೆ ಬರಬೇಕಾದರೆ, ಜನ ಈಗಾಗಲೇ ಕೈಮುಗಿಯುವ ಗಿಡದಿಂದ ಶುರು ಮಾಡಿ. ಮತ್ತು ಯಾವ ಗಿಡ, ಎಲ್ಲಿ, ಯಾರು ನೀರು ಹಾಕುವವರು ಅನ್ನೋದನ್ನ ಆ ಜನಕ್ಕೇ ಬಿಡಿ.

ಬನ್ನಿಯಿಂದಲೇ ಶುರು ಮಾಡೋಣ. ದಸರೆಗೆ ಎಲೆ ಕೈಗಿಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತೇವೆ. ತೆಲುಗಿನವರು ಇದನ್ನೇ ಜಮ್ಮಿ ಅನ್ನುತ್ತಾರೆ, ತೆಲಂಗಾಣಕ್ಕೆ ಇದು ರಾಜ್ಯದ ಮರ. ರಾಜಸ್ಥಾನದಲ್ಲಿ ಖೇಜ್ರಿ. 1730ರಲ್ಲಿ ಜೋಧಪುರದ ಹತ್ತಿರ ಖೇಜರ್ಲಿ ಅನ್ನೋ ಊರಲ್ಲಿ ರಾಜನ ಆಳುಗಳು ಇದನ್ನು ಕಡಿಯಲು ಬಂದಾಗ ಬಿಷ್ಣೋಯಿ ಜನ ಗಿಡ ತಬ್ಬಿ ನಿಂತು, 363 ಮಂದಿ ಸತ್ತರು. ಅದೇ ಗಿಡ. ನಿಮ್ಮ ಹೊಲದ ಬದುವಿನ ಮೇಲೆ ಇರೋದೇ.

ಇದಕ್ಕೆ ಒಬ್ಬ ದಾಯಾದಿ ಇದ್ದಾನೆ. ಬಳ್ಳಾರಿ ಜಾಲಿ. ಹೆಸರು ಬಳ್ಳಾರಿ, ಹುಟ್ಟೂರು ಅಮೆರಿಕ ಖಂಡ. ಮೆಕ್ಸಿಕೊ ಮತ್ತು ಅದರ ಕೆಳಗಿನ ಸೀಮೆಯಿಂದ 19ನೇ ಶತಮಾನದ ಕೊನೆಗೆ ಉರುವಲಿಗಾಗಿ ತಂದು ಬಿತ್ತಿದ್ದು. ಬಹಳ ವರ್ಷ ಎರಡಕ್ಕೂ ಪುಸ್ತಕದಲ್ಲಿ ಪ್ರೊಸೋಪಿಸ್ ಅನ್ನೋ ಒಂದೇ ಮನೆತನದ ಹೆಸರಿತ್ತು. ಸಸಿ ಇದ್ದಾಗ ನೋಡೋಕೂ ಒಂದೇ ಥರ. ನರ್ಸರಿಯವರೇ ಮೋಸ ಹೋಗುತ್ತಾರೆ. ಗುರುತು ಹೇಳುತ್ತೇನೆ, ಮೊಬೈಲ್ ಪಕ್ಕಕ್ಕಿಟ್ಟು ಕೇಳಿ. ಜಾಲಿಯ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲೇ ಇರುತ್ತದೆ, ಉದ್ದಕ್ಕೆ ಚುಚ್ಚುವಂತೆ. ಬನ್ನಿಯ ಮುಳ್ಳು ಗಿಡ್ಡ, ಗೆಣ್ಣಿಗೂ ಗೆಣ್ಣಿಗೂ ನಡುವೆ ಟೊಂಗೆಯ ಮೈಮೇಲೆ ಚದುರಿರುತ್ತದೆ. ಎಲೆ ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗಿದ ಹಸಿರು.

ಜಾಲಿ ಬಂದ ಕಡೆ ಕೆಳಗೆ ಹುಲ್ಲು ಹುಟ್ಟುವುದು ಕಷ್ಟ. ಬನ್ನಿಯ ಕೆಳಗೆ ಜೋಳ, ಸಜ್ಜೆ ಚೆನ್ನಾಗಿ ಬರುತ್ತವೆ. ಅದರ ಬೇರು ಮೇಲಿನ ನೀರಿಗೆ ಬೆಳೆಯ ಜೊತೆ ಜಗಳ ಆಡುವುದಿಲ್ಲ, ನೇರ ಆಳಕ್ಕೆ ಇಳಿಯುತ್ತದೆ. ಉದುರಿದ ಎಲೆ ಗೊಬ್ಬರ. ಅದಕ್ಕೇ ನಮ್ಮ ಹಿರಿಯರು ಹೊಲದ ನಡುವೆ ಬನ್ನಿ ಬಂದರೆ ಕುಂಟೆ ತಿರುಗಿಸಿಕೊಂಡು ಹೋಗುತ್ತಿದ್ದರು. ಈಗ ಟ್ರ್ಯಾಕ್ಟರ್ ತಿರುಗುವುದಿಲ್ಲ. (ಟ್ರ್ಯಾಕ್ಟರ್ ಓಡಿಸುವವರು ಇಲ್ಲಿ ಯಾರಾದರೂ ಇದ್ದರೆ ಬೇಜಾರಾಗಬೇಡಿ, ನಮ್ಮ ತಮ್ಮನೂ ಅದೇ ಕೆಲಸದವನು.)

ಹಾಗಂತ ನಾಳೆಯೇ ಜೆಸಿಬಿ ತಂದು ಜಾಲಿ ಎಲ್ಲ ಕಿತ್ತು ಬಿಸಾಕಿ ಅಂತ ನಾನು ಹೇಳುವುದಿಲ್ಲ. ಅದನ್ನು ಸುಟ್ಟು ಇದ್ದಿಲು ಮಾಡಿ ಮಾರಿ ಬದುಕುವ ಮನೆಗಳಿವೆ. ಮೇಲೆ ಕಡಿದರೆ ಬುಡದಲ್ಲಿ ನಾಲ್ಕು ಚಿಗುರುತ್ತದೆ. ಒಂದೊಂದೇ ಪಟ್ಟಿ ಬುಡ ಸಮೇತ ತೆಗೆದು, ಆ ಜಾಗದಲ್ಲಿ ನಮ್ಮ ಗಿಡ ಹಚ್ಚಿ, ಅದು ಎದೆಮಟ್ಟ ಬಂದ ಮೇಲೆ ಪಕ್ಕದ ಪಟ್ಟಿಗೆ ಹೋಗಬೇಕು. ನಿಧಾನದ ಕೆಲಸ.

ಈಗ ಬೀಜದ ಮಾತು. ಇಲ್ಲೇ ನಮ್ಮ ಯೋಜನೆಗಳು ಕಾಲು ಜಾರೋದು.

ಬನ್ನಿಕಾಯಿ ಒಣಗಿ ಉದುರೋದು ಮಿರಗದ, ಅಂದರೆ ಮೃಗಶಿರಾ ಮಳೆಯ, ಆಸುಪಾಸು. ಕಾಯಿ ಕುಟ್ಟಿ ಬೀಜ ತೆಗೆದರೆ ಕಂದು ಬಣ್ಣದ ಗಟ್ಟಿ ಬೀಜ, ಉಗುರು ನಾಟುವುದಿಲ್ಲ. ಹಾಗೇ ಬಿತ್ತಿದರೆ ಸುಮ್ನೆ ಮಣ್ಣಲ್ಲಿ ಕೂತಿರುತ್ತದೆ. ನೀರು ಕುದಿಸಿ, ಒಲೆಯಿಂದ ಇಳಿಸಿ, ಕೊಂಚ ಆರಿದ ಮೇಲೆ ಬೀಜ ಹಾಕಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಕೆಲವು ಉಬ್ಬಿರುತ್ತವೆ, ಅವನ್ನು ಬಿತ್ತಿ. ಉಬ್ಬದವಕ್ಕೆ ಮತ್ತೊಂದು ರಾತ್ರಿ. ಇನ್ನೊಂದು ದಾರಿಯನ್ನು ನನಗೆ ಹೇಳಿಕೊಟ್ಟವನು ಒಬ್ಬ ಕುರಿಗಾಹಿ. ಕುರಿ, ಆಡು ಬನ್ನಿಕಾಯಿ ಇಷ್ಟಪಟ್ಟು ತಿನ್ನುತ್ತವೆ. ಹೊಟ್ಟೆಯೊಳಗೆ ಬೀಜದ ಸಿಪ್ಪೆ ಮೆತ್ತಗಾಗಿ ಹಿಕ್ಕಿಯಲ್ಲಿ ಹೊರಗೆ ಬೀಳುತ್ತದೆ. "ಸರ, ನೀವು ನೀರು ಯಾಕ ಕಾಸ್ತೀರಿ? ನನ್ನ ಹಿಂಡು ಎರಡು ರಾತ್ರಿ ನಿಮ್ಮ ಹೊಲದಾಗ ನಿಲ್ಸಿ" ಅಂದ. ಗೊಬ್ಬರ, ಬೀಜ ಎರಡೂ ಒಟ್ಟಿಗೆ. ಸಸಿ ತಿನ್ನುವ ಆಡೇ ಬೀಜ ಬಿತ್ತುವ ಆಡು ಅಂತ ನನಗೆ ಹೊಳೆದಿದ್ದು ಆವತ್ತು.

ಇನ್ನೊಂದು. ಬನ್ನಿ ಮೇಲೆ ಗೇಣು ಬರುವ ಹೊತ್ತಿಗೆ ಕೆಳಗೆ ಅದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಗಿಡ್ಡ ಪಾಕೀಟಿನಲ್ಲಿ ಬೆಳೆಸಿದರೆ ಬೇರು ತಳ ಮುಟ್ಟಿ ಹಾವಿನಂತೆ ಸುತ್ತಿಕೊಳ್ಳುತ್ತದೆ. ಅಂಥ ಸಸಿ ನೆಟ್ಟರೆ ಎರಡನೇ ಬೇಸಿಗೆ ದಾಟುವುದಿಲ್ಲ. ಉದ್ದ ಚೀಲ ಬೇಕು, ಇಲ್ಲವೇ ನೇರ ನೆಲಕ್ಕೇ ಬಿತ್ತಬೇಕು.

ಬೇವಿನ ಬೀಜ ಹಣ್ಣು ಉದುರಿದ ಎರಡು ಮೂರು ವಾರದೊಳಗೆ ಮಣ್ಣು ಸೇರಬೇಕು, ತಡವಾದರೆ ಸತ್ತಿತು. ಹಿಪ್ಪೆಯೂ ಅಷ್ಟೇ, ಮಳೆಗಾಲದ ಶುರುವಿನಲ್ಲಿ ಉದುರುತ್ತದೆ, ಕಾಯುವುದಿಲ್ಲ.  ಈಗ ಹೇಳಿ, ಟೆಂಡರ್ ಕರೆಯುವ ತಿಂಗಳಿಗೂ ಬೀಜ ಉದುರುವ ತಿಂಗಳಿಗೂ ಯಾರು ತಾಳೆ ಹಾಕಬೇಕು? ಬೀಜ ಬೀಳುವ ದಿನ ಗಿಡದ ಕೆಳಗೆ ಯಾರಿರುತ್ತಾರೋ ಅವರಿಗೆ ಮಾತ್ರ ಇದು ಸಾಧ್ಯ. ಅವರು ಕಚೇರಿಯಲ್ಲಿ ಇರುವುದಿಲ್ಲ.

ಆಲ, ಅರಳಿ, ಅತ್ತಿಯದ್ದು ಬೇರೆಯೇ ಲೆಕ್ಕ. ಸಾಸಿವೆಗಿಂತ ಸಣ್ಣ ಬೀಜ, ಹಕ್ಕಿ ಹೊಟ್ಟೆ ದಾಟಿ ಬಂದರೆ ಚೆನ್ನಾಗಿ ಮೊಳೆಯುತ್ತದೆ. ಆಲಕ್ಕೆ ಟೊಂಗೆ ಊರಿದರೂ ಆಯ್ತು. ಈ ಮೂರಕ್ಕೂ ಹೂವು ಹಣ್ಣಿನೊಳಗೇ ಇರುತ್ತದೆ, ಒಂದೊಂದಕ್ಕೂ ಅದರದೇ ನುಸಿಯಷ್ಟು ಸಣ್ಣ ಕಣಜ ಇದೆ. ಬೇರೆ ಗಿಡದಲ್ಲಿ ಹಣ್ಣಿಲ್ಲದ ತಿಂಗಳಲ್ಲೂ ಇವುಗಳಲ್ಲಿ ಎಲ್ಲೋ ಒಂದು ಹಣ್ಣು ಬಿಟ್ಟಿರುತ್ತದೆ. ಹಕ್ಕಿ, ಬಾವಲಿ ಬರುತ್ತವೆ. ಬಂದವು ಬರಿಗೈಲಿ ಬರುವುದಿಲ್ಲ, ಹೊಟ್ಟೆಯಲ್ಲಿ ಬೇವು, ನೇರಳೆ, ಈಚಲು ತಂದು ಉದುರಿಸುತ್ತವೆ. ಆಲದ ಕಟ್ಟೆಯ ಸುತ್ತ ಯಾರೂ ನೆಡದ ಬೇವಿನ ಸಸಿ ನೋಡಿದ್ದೀರಲ್ವಾ? ಅದು ಹೀಗೆ ಬಂದದ್ದು.

ಇಲ್ಲಿ ಕೀನ್ಯಾದ ವಂಗಾರಿ ಮಾಥಾಯ್ ಅವರ ನೆನಪಾಗುತ್ತದೆ. ಅವರು ಕಿಕುಯು ಜನಾಂಗದವರು. ಸಣ್ಣವರಿದ್ದಾಗ ಕಟ್ಟಿಗೆಗೆ ಹೊರಟರೆ ಅವ್ವ ಹೇಳುತ್ತಿದ್ದರಂತೆ: ಆ ಮುಗುಮೊ ಗಿಡದ ಕಡ್ಡಿ ಮಾತ್ರ ತರಬೇಡ, ಅದು ದೇವರ ಗಿಡ. ಮುಗುಮೊ ಅಂದರೆ ಅತ್ತಿ, ಆಲದ ಬಳಗದ್ದೇ. ಅದರ ಹತ್ತಿರ ಒಂದು ಸಣ್ಣ ಝರಿ ಇತ್ತು. ಕಪ್ಪೆಯ ಮೊಟ್ಟೆಯನ್ನು ಮಣಿಸರ ಅಂದುಕೊಂಡು ಕೈಗೆತ್ತಿಕೊಳ್ಳಲು ನೋಡುತ್ತಿದ್ದರಂತೆ. ಓದು ಮುಗಿಸಿ ಊರಿಗೆ ಬಂದಾಗ ಗಿಡ ಕಡಿದು ಚಹಾ ಹಚ್ಚಿದ್ದರು. ಝರಿ ಬತ್ತಿತ್ತು. ಆ ಗಿಡದ ಬೇರು ಬಂಡೆ ಸೀಳಿ ಕೆಳಗಿನ ನೀರಿಗೆ ದಾರಿ ಮಾಡಿಕೊಡುತ್ತಿತ್ತು, ಗುಡ್ಡದ ಮಣ್ಣು ಹಿಡಿದಿತ್ತು ಅಂತ ಅವರಿಗೆ ಆಮೇಲೆ ತಿಳಿಯಿತು. 1977ರಲ್ಲಿ ಹಳ್ಳಿಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಸಸಿ ನೆಡಲು ಶುರು ಮಾಡಿದರು. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರ ಅವ್ವನ ಮಾತಿಗೂ ನಮ್ಮ ಆಯಿಯ ಮಾತಿಗೂ ಏನು ವ್ಯತ್ಯಾಸ ಹೇಳಿ?

ಈಗ ನಾನು ಮಾಡಿದ ಒಂದು ತಪ್ಪು.

ಬನ್ನಿಯ ಹುಚ್ಚು ಹಿಡಿದ ಮೇಲೆ ಒಂದು ಗಾಡಿ ಬನ್ನಿ ಸಸಿ ಹೇರಿಕೊಂಡು ಚಿಂಚೋಳಿ ಕಡೆಯ ಒಂದು ಲಂಬಾಣಿ ತಾಂಡಾಕ್ಕೆ ಹೋದೆ. ಕುಂಚಾವರಂ ಕಾಡಿನ ದಾರಿ. ಅಲ್ಲಿ 2011ರಲ್ಲಿ ವನ್ಯಜೀವಿ ಧಾಮ ಆಯ್ತು, ಸುಮಾರು 135 ಚದರ ಕಿಲೋಮೀಟರ್. ನಮ್ಮ ಬಿಸಿಲು ನಾಡಿನಲ್ಲಿ ಕಾಡು ಅನ್ನುವಂಥದ್ದು ಉಳಿದಿರೋದು ಅಲ್ಲೇ ಜಾಸ್ತಿ. ತಾಂಡಾದ ಮುಖಂಡರಾದ ನಾಯಕ, ಕಾರಭಾರಿ ಇಬ್ಬರೂ ಕೂತು ನನ್ನ ಭಾಷಣ ಕೇಳಿದರು. ಚಹಾ ಕೊಟ್ಟರು. ಆಮೇಲೆ ನಾಯಕ ಹೇಳಿದ: "ಬನ್ನಿ ಚಲೋ ಐತ್ರೀ ಸರ. ಆದ್ರ ಅದು ನಿಮ್ಮೂರ ಗಿಡ."

ಒಂದೇ ಮಾತು. ಊರಿನ ದಸರೆ, ಊರಿನ ಕಟ್ಟೆ, ಊರಿನ ಬನ್ನಿ. ಆ ಕಟ್ಟೆಯ ಮೇಲೆ ತಾಂಡಾದವರು ಎಲ್ಲಿ ಕೂರುತ್ತಿದ್ದರು, ಕೂರಲು ಬಿಡುತ್ತಿದ್ದರಾ? ಗಾಯರಾಣದಲ್ಲಿ ನಮಗೆ ಕಚೇರಿಯವರು ಮಾಡಿದ್ದನ್ನೇ ನಾನು ಅವರಿಗೆ ಮಾಡಲು ಹೊರಟಿದ್ದೆ. ಗಾಡಿ ಮಾತ್ರ ಸಣ್ಣದು.

ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ, ಕೈತುಂಬ ಬಿಳಿ ಬಳೆ, ಅವರ ಮಾತಿನಲ್ಲಿ ಏನೋ ಅಂದರು. ಹುಡುಗನೊಬ್ಬ ಕನ್ನಡದಲ್ಲಿ ಹೇಳಿದ: ಸೀತಳಾ ಮಾತೆಯ ಕಲ್ಲಿನ ಹತ್ತಿರ ಬೇವು ಬೇಕಂತೆ, ಹಳೇದು ಗಾಳಿಗೆ ಬಿತ್ತು. ಮತ್ತು ಆ ಗುಡ್ಡದ ಮೇಲೆ ಕೇಸುಲಾ ಬೇಕಂತೆ. ಕೇಸುಲಾ ಅಂದರೆ ಮುತ್ತುಗ. ಹೋಳಿ ಹೊತ್ತಿಗೆ ಎಲೆ ಇಲ್ಲದ ಗಿಡಕ್ಕೆ ಬೆಂಕಿ ಹತ್ತಿದ ಹಾಗೆ ಹೂ ಬಿಡುತ್ತದಲ್ಲ, ಅದು. ಅವರ ಹಾಡಿನಲ್ಲೆಲ್ಲ ಅದೇ. ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಆ ತಾಂಡಾದಲ್ಲಿ ನಾನು ನೋಡಿದ ಇನ್ನೊಂದು ಸಂಗತಿ ತೀಜ್ ಹಬ್ಬ. ಮಳೆಗಾಲದ ನಡುವೆ ಬರುತ್ತದೆ. ಮದುವೆಯಾಗದ ಹುಡುಗಿಯರು ಸಣ್ಣ ಸಣ್ಣ ಬುಟ್ಟಿಯಲ್ಲಿ ಗೊಬ್ಬರ ಬೆರೆಸಿದ ಮಣ್ಣು ತುಂಬಿ, ನೆನೆಸಿದ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ಹಾಡುತ್ತ ನೀರು ಹನಿಸುತ್ತಾರೆ. ಕೋಳಿ ಕೆದರದ ಹಾಗೆ, ಆಡು ಮುಟ್ಟದ ಹಾಗೆ ಎತ್ತರದಲ್ಲಿ ಇಡುತ್ತಾರೆ. ಯಾರ ಬುಟ್ಟಿಯಲ್ಲಿ ಮೊಳಕೆ ಎಷ್ಟು ಉದ್ದ ಬಂತು ಅಂತ ಪೈಪೋಟಿ. ನಾನು ಹುಲ್ಲಿನ ಮೇಲೆ ಕೂತು ನೋಡುತ್ತಿದ್ದೆ. ಒಬ್ಬಳು ಹುಡುಗಿ ಕೈಯಲ್ಲಿ ನೀರು ತೆಗೆದುಕೊಂಡು ಬೆರಳ ಸಂದಿಯಿಂದ ಬಿಡುತ್ತಿದ್ದಳು, ಮಣ್ಣು ಕದಲದ ಹಾಗೆ. ನರ್ಸರಿ ತರಬೇತಿಯಲ್ಲಿ ನಾವು ಪೈಪಿಗೆ ಜಾಲರಿ ಕಟ್ಟಿ ತೋರಿಸುವುದು ಇದನ್ನೇ.

ಗಿಡದ ಮಾತು ಇಲ್ಲಿಗೆ ಬಿಟ್ಟು ನೆಲದ ಮಾತಿಗೆ ಬರಲೇಬೇಕು. ನೆಲ ಯಾರದು ಅಂತ ಗೊತ್ತಿಲ್ಲದೆ ಯಾರು ತಾನೇ ಇಪ್ಪತ್ತು ವರ್ಷಕ್ಕೆ ನೆರಳು ಕೊಡುವ ಗಿಡ ಹಚ್ಚುತ್ತಾರೆ?

2006ರ ಅರಣ್ಯ ಹಕ್ಕು ಕಾಯ್ದೆ ಬರಿ ಹೊಲದ ಪಟ್ಟಾದ ಕಾಯ್ದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಅದರಲ್ಲಿ ಊರಿಗೆ ಊರೇ ತನ್ನ ಕಾಡನ್ನು ಕಾಯುವ, ಮತ್ತೆ ಬೆಳೆಸುವ, ನೋಡಿಕೊಳ್ಳುವ ಹಕ್ಕೂ ಇದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಮೇಂಢಾ-ಲೇಖಾ ಅನ್ನೋ ಗೋಂಡರ ಊರು 2009ರಲ್ಲಿ ಸುಮಾರು 1800 ಹೆಕ್ಟೇರ್ ಕಾಡಿನ ಮೇಲೆ ಆ ಹಕ್ಕು ಪಡೆಯಿತು. "ದಿಲ್ಲಿ ಮುಂಬೈಯಲ್ಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ" ಅನ್ನೋದು ಅವರ ಘೋಷಣೆ. ಗೋಂಡರಲ್ಲಿ ಬೆಡಗಿಗೆ, ಅಂದರೆ ಕುಲಕ್ಕೆ, ಒಂದು ಪ್ರಾಣಿ, ಒಂದು ಗಿಡ ಅಂತ ಇರುತ್ತದೆ, ಆ ಬೆಡಗಿನವರು ಅದಕ್ಕೆ ಕೈ ಹಚ್ಚುವುದಿಲ್ಲ. ಮತ್ತಿ ಮರದಲ್ಲಿ ಅವರ ದೊಡ್ಡ ದೇವರು. ಹಿಪ್ಪೆ ಇಲ್ಲದೆ ಮದುವೆ ಇಲ್ಲ. ಬೀದರಿನಲ್ಲೂ ಗೋಂಡರಿದ್ದಾರೆ. ಹಿಪ್ಪೆ ಎಲ್ಲಿ ಹಚ್ಚಬೇಕು ಅಂತ ಅವರನ್ನು ಯಾರಾದರೂ ಕೇಳಿದ್ದೀರಾ?

ಮತ್ತೆ ಚಿಂಚೋಳಿಗೆ ಬರುತ್ತೇನೆ. ಈ ತಾಲ್ಲೂಕಿನ ಪೂರ್ವಕ್ಕೆ ತೆಲಂಗಾಣ. ಗಡಿ ಅನ್ನೋದು ಒಂದು ಹಳ್ಳ, ಒಂದು ಕಲ್ಲು. ಆಚೆ ತಾಂಡಾದವರು ಈಚೆ ತಾಂಡಾದವರಿಗೆ ಬೀಗರು. ಆದರೆ ತೆಲಂಗಾಣದಲ್ಲಿ ಲಂಬಾಣಿಗರು ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಅದರ ಪರಿಣಾಮ ನೋಡಿ. ಪಂಗಡದವರು ಕಾಡಿನ ಹಕ್ಕು ಕೇಳಬೇಕಾದರೆ 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅಲ್ಲಿ ನೆಲೆಸಿ ಕಾಡನ್ನು ನಂಬಿ ಬದುಕಿದ್ದರೆ ಸಾಕು. ಉಳಿದವರು ಅದೇ ದಿನಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದೆವು ಅಂತ ತೋರಿಸಬೇಕು. ಅಂದರೆ 1930. ಆಗ ಇಲ್ಲಿ ನಿಜಾಮರ ಆಳ್ವಿಕೆ, ಕಾಗದ ಪತ್ರ ಉರ್ದುವಿನಲ್ಲಿ. ತಾಂಡಾ ಅನ್ನೋದೇ ಎತ್ತಿನ ಮೇಲೆ ಹೇರು ಹಾಕಿಕೊಂಡು ತಿರುಗಿದ ಜನರ ಬೀಡು. ಅಜ್ಜಿಯ ಹತ್ತಿರ ಯಾವ ಕಾಗದ ಇರುತ್ತದೆ? ಊರ ಹಿರಿಯರ ಹೇಳಿಕೆ, ಹಳೇ ಗುಡಿ, ಗೋರಿ, ಪೂಜೆಯ ಜಾಗ ಇವನ್ನೂ ಸಾಕ್ಷಿ ಅಂತ ತೆಗೆದುಕೊಳ್ಳಲು ನಿಯಮದಲ್ಲಿ ಅವಕಾಶ ಇದೆ. ಸೀತಳಾ ಮಾತೆಯ ಕಲ್ಲನ್ನೂ ಅದರ ಬೇವನ್ನೂ ಅರ್ಜಿಯಲ್ಲಿ ಬರೆಸಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಬಿದ್ದ ಬೇವನ್ನು ಮತ್ತೆ ಹಚ್ಚೋದು ಬರೀ ಭಕ್ತಿ ಅಲ್ಲ.

ಇಷ್ಟು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. "ಸರ, ದೇವರ ಹೆಸರಲ್ಲೇ ಗಿಡ ಹಾಳಾಗ್ತಾವಲ್ರೀ?" ಅಂದ. ಒಳ್ಳೆಯ ಪ್ರಶ್ನೆ, ನಾನೇ ಎತ್ತಬೇಕಿತ್ತು. ಹೌದು. ದಸರೆಯ ಮರುದಿನ ಬನ್ನಿ ನೋಡಿ, ಕೈಗೆ ಸಿಗುವ ತನಕ ಬೋಳು. ಈಗ ಮಾರುಕಟ್ಟೆಗೆ ಟೊಂಗೆಗಟ್ಟಲೆ ಬರುತ್ತದೆ. ಶ್ರಾವಣದ ಸೋಮವಾರ ಬಿಲ್ವದ ಗತಿಯೂ ಅಷ್ಟೇ. ಅರಳಿಯ ಸುತ್ತ ಸಿಮೆಂಟು ಕಟ್ಟೆ ಕಟ್ಟಿ, ಮೇಲೆ ಟೈಲ್ಸ್ ಹಾಕಿ, ಬುಡಕ್ಕೆ ಒಂದು ಹನಿ ನೀರು ಇಳಿಯದ ಹಾಗೆ ಮಾಡುತ್ತೇವೆ. ಗುಡಿ ದೊಡ್ಡದು ಮಾಡಲು ಯಾವ ಗಿಡದಿಂದ ಗುಡಿ ಬಂತೋ ಅದನ್ನೇ ಕಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಡಗಿನವರಿಗೆ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಕಾಡಿಗೆ ಕಾಡೇ ದೇವರದ್ದು. ನಮಗಿರೋದು ಒಂಟಿ ಗಿಡ. ಒಂಟಿ ಗಿಡದ ಭಕ್ತಿ ಕಾಡಾಗಬೇಕಾದರೆ ಅದರ ಬೀಜ ಕಟ್ಟೆ ಇಳಿದು ಹೊರಗೆ ಹೋಗಬೇಕು. ಸುರಪುರದ ಕಡೆ ಬೇಡ ನಾಯಕರ ಹಿರಿಯರೊಬ್ಬರಿಗೆ ಇದನ್ನೇ ಹೇಳಿದ್ದೆ. "ಎಲೆ ತಗೊಂಡವ ಒಂದು ಸಸಿ ಕೊಡ್ಲಿ ಅಂತ ನಾವು ಈ ಸಲ ಡಂಗುರ ಹೊಡಸ್ತೀವಿ" ಅಂದರು. ಹೊಡೆಸಿದರೋ ಇಲ್ಲವೋ, ದಸರೆ ಆದ ಮೇಲೆ ಹೋಗಿ ನೋಡಬೇಕು.

ಆ ತಾಂಡಾದ ಗಾಡಿಯ ಬನ್ನಿ ಸಸಿ ಏನಾಯ್ತು ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ವಾಪಸ್ ತಂದೆ. ನಮ್ಮೂರ ಗಾಯರಾಣದಲ್ಲಿ ಆ ಹಳೇ ಗುಂಡಿಗಳಿದ್ದವಲ್ಲ, ಅದರಲ್ಲೇ ಕೆಲವು ಹಚ್ಚಿದೆವು. ಮುಂದಿನ ಮಿರಗಕ್ಕೆ ಬೇವಿನ ಬೀಜ ಬೀಳುತ್ತಿದ್ದ ಹಾಗೇ ಒಂದು ಚೀಲ ತುಂಬಿಕೊಂಡು ಮತ್ತೆ ತಾಂಡಾಕ್ಕೆ ಹೋದೆ. ಅಜ್ಜಿ ಚೀಲಕ್ಕೆ ಕೈ ಹಾಕಿ, ಒಂದು ಬೀಜ ಬಾಯಿಗಿಟ್ಟು ಕಚ್ಚಿ ನೋಡಿ, ಉಗುಳಿ, ಹುಡುಗಿಯರನ್ನು ಕರೆದರು. ಆ ವರ್ಷ ತೀಜ್ ಬುಟ್ಟಿಗಳ ಪಕ್ಕದಲ್ಲೇ, ಅದೇ ಎತ್ತರದಲ್ಲಿ, ಒಡೆದ ಕೊಡಪಾನದ ತಳದಲ್ಲಿ ಬೇವು ಮೊಳೆತಿತ್ತು. ಗೋಧಿಯ ಮೊಳಕೆಯನ್ನು ಹತ್ತನೇ ದಿನ ನೀರಿಗೆ ಬಿಟ್ಟರು. ಕೊಡಪಾನವನ್ನು ಮನೆಗೆ ಒಯ್ದರು.